ಸ್ವಭಾವ, ನಡತೆ ಮತ್ತು ಮದ್ಯದಂಗಡಿ

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಜನ ಅದನ್ನು ಹೆಂಡವೆನ್ನುತ್ತಾರೆ ಎಂಬ ಗಾದೆಯನ್ನು ನಮ್ಮಲ್ಲಿ ಹೆಚ್ಚಿನವರು ಶಾಲೆಯ ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದವರೇ. ಸಜ್ಜನನಾದವನು ಸಲ್ಲದ ಜಾಗದಲ್ಲಿ ಸುಳಿಯಬಾರದು, ಸುಳಿದರೆ ಇದ್ದ ಮಾನವೂ ಹೋಗುತ್ತದೆ ಎಂದು ನಾಲ್ಕು ವಾಕ್ಯ ಬರೆದರೆ ಅಂಕ ಸಿಗುತ್ತಿತ್ತು. ಆದರೆ ಗಾದೆಯ ಚಿತ್ರದಲ್ಲಿ ಒಬ್ಬ ಮನುಷ್ಯನಿಗೆ ಸ್ಥಾನವೇ ಇಲ್ಲ. ಹೊಟ್ಟೆಪಾಡಿಗಾಗಿ ದಿನವೂ ಆ ಮರದ ಕೆಳಗೇ ಕುಳಿತುಕೊಳ್ಳಬೇಕಾದವನು ಅವನು. ಗಡಂಗಿನ ಗಲ್ಲೆಯ ಹಿಂದೆ ಕೂರುವವನು, ಬಾರಿನ ಮ್ಯಾನೇಜರ್, ಕಳ್ಳು ಷಾಪಿನ ವಿಲ್ಪನಕ್ಕಾರನ್ ಇವರೆಲ್ಲರ ಮಾನದ ಲೆಕ್ಕವನ್ನು ಗಾದೆ ಮೊದಲೇ ಚುಕ್ತಾ ಮಾಡಿಬಿಟ್ಟಿದೆ.

ಕಾನೂನಿಗೆ ಅಷ್ಟು ಸುಲಭದಲ್ಲಿ ಕೈತೊಳೆದುಕೊಳ್ಳಲು ಬರುವುದಿಲ್ಲ. ಮದ್ಯ ಮಾರಲು ಯಾರಿಗಾದರೂ ಅನುಮತಿ ಕೊಡುವುದೇ ಎಂದಾದ ಮೇಲೆ, ಯಾರಿಗೆ ಕೊಡಬೇಕು ಎಂಬ ಪ್ರಶ್ನೆ ಬಂದೇ ಬರುತ್ತದೆ. ಹಣವಿದ್ದವನಿಗೆ ಎನ್ನಬಹುದು, ಕಟ್ಟಡವಿದ್ದವನಿಗೆ ಎನ್ನಬಹುದು. ಆದರೆ ಅನೇಕ ದೇಶಗಳ ಕಾನೂನುಗಳು ಒಂದಲ್ಲ ಒಂದು ರೀತಿಯಲ್ಲಿ ಹೇಳುವ ಇನ್ನೊಂದು ಮಾತಿದೆ: ಯೋಗ್ಯನಾದವನಿಗೆ, ಒಳ್ಳೆಯ ನಡತೆಯವನಿಗೆ. ಕೇಳಲು ಚೆನ್ನಾಗಿದೆ. ಆದರೆ ಒಬ್ಬ ಮನುಷ್ಯನ ಒಳ್ಳೆಯತನವನ್ನು ಮೇಜಿನ ಆಚೆ ಕುಳಿತ ಇನ್ನೊಬ್ಬ ಮನುಷ್ಯ ಅಳೆಯುವುದು ಹೇಗೆ? ಅಳೆಯುವ ಹಕ್ಕು ಅವನಿಗೆ ಎಷ್ಟರಮಟ್ಟಿಗೆ ಇದೆ? ಅದರಲ್ಲೂ, ಅನೇಕರು ಒಳ್ಳೆಯದೇ ಅಲ್ಲವೆನ್ನುವ ಒಂದು ಉದ್ಯೋಗಕ್ಕೆ ಒಳ್ಳೆಯವನನ್ನು ಹುಡುಕುವುದೆಂದರೆ ಏನರ್ಥ?

ವಿದ್ಯಾನಗರದಲ್ಲಿ ವಾಸಿಸುವವರಿಗೆ ಕಾಗದಪತ್ರಗಳ ಮೆರವಣಿಗೆ ಹೊಸತಲ್ಲ. ಜಿಲ್ಲಾ ಕಲೆಕ್ಟರೇಟು ಇಲ್ಲಿದೆ, ನ್ಯಾಯಾಲಯ ಇಲ್ಲಿದೆ, ಸರಕಾರಿ ಕಾಲೇಜು ಇಲ್ಲಿದೆ. ಬೆಳಿಗ್ಗೆ ಬಸ್ಸಿನಿಂದಿಳಿಯುವ ಹತ್ತು ಮಂದಿಯಲ್ಲಿ ಆರೇಳು ಮಂದಿಯ ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಫೈಲು ಇರುತ್ತದೆ. ಅದರೊಳಗಿನ ಕಾಗದಗಳಲ್ಲಿ ಒಂದನ್ನು ಕನ್ನಡದವರು ನಡತೆಯ ಸರ್ಟಿಫಿಕೇಟು ಎನ್ನುತ್ತೇವೆ. ಅದೇ ಕಾಗದಕ್ಕೆ ನಮ್ಮ ಮಲಯಾಳಿ ಮಿತ್ರರು ಸ್ವಭಾವ ಸರ್ಟಿಫಿಕೇಟು ಎನ್ನುತ್ತಾರೆ. ಗಡಿನಾಡಿನಲ್ಲಿ ಎರಡು ಭಾಷೆಗಳ ನಡುವೆ ಬದುಕುವವರು ಇದನ್ನು ದಿನವೂ ಕೇಳುತ್ತೇವೆ, ಆದರೆ ನಿಂತು ಯೋಚಿಸುವುದಿಲ್ಲ. ನಡತೆ ನಡೆಯಿಂದ ಬಂದ ಮಾತು. ಮನುಷ್ಯ ಹೇಗೆ ನಡೆದ ಎಂಬುದು, ಬೀದಿಯಲ್ಲಿ ನಿಂತವರಿಗೆಲ್ಲ ಕಾಣುವಂಥದ್ದು. ಸ್ವಭಾವ ಒಳಗಿನದು, ತನ್ನ ಭಾವ, ಅವನವನಿಗೇ ಪೂರ್ತಿ ಕಾಣದಂಥದ್ದು. ಒಂದು ಕಾಗದ ಎರಡು ಹೆಸರು ಹೊತ್ತು ಎರಡು ಬೇರೆ ಬೇರೆ ಭರವಸೆಗಳನ್ನು ಕೊಡುತ್ತಿದೆ. ನನ್ನ ವಾದವೆಲ್ಲ ಈ ಎರಡು ಪದಗಳ ನಡುವಿನ ಅಂತರದಲ್ಲಿದೆ ಎಂದರೂ ತಪ್ಪಿಲ್ಲ.

ಈ ಪ್ರಶ್ನೆ ನಮ್ಮ ಸೀಮೆಯಲ್ಲಿ ಹೇಗೆ ಬೆಳೆದು ಬಂತೆಂದು ಸ್ವಲ್ಪ ನೋಡೋಣ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಆದ್ದರಿಂದ ಇಲ್ಲಿಯ ಅಬಕಾರಿಯ ಕಥೆ ಮದರಾಸಿನಿಂದ ಆರಂಭವಾಗುತ್ತದೆ. 1886ರ ಮದರಾಸ್ ಅಬಕಾರಿ ಕಾಯ್ದೆಯ ಕಾಲದಲ್ಲಿ ಸರಕಾರದ ಮುಖ್ಯ ಕಾಳಜಿ ಆದಾಯ. ಮಾರುವ ಹಕ್ಕು ಹರಾಜಿಗೆ ಬರುತ್ತಿತ್ತು, ಹೆಚ್ಚು ಕೂಗಿದವನಿಗೆ ಗಡಂಗು. ಹರಾಜಿನಲ್ಲಿ ಮಾತಾಡುವುದು ಹಣವೊಂದೇ. ಆಮೇಲೆ ಪಾನನಿಷೇಧ ಬಂತು. 1937ರಲ್ಲಿ ರಾಜಾಜಿಯವರು ಸೇಲಂ ಜಿಲ್ಲೆಯಲ್ಲಿ ಆರಂಭಿಸಿದ್ದು 1948ರ ಹೊತ್ತಿಗೆ ಇಡೀ ಮದರಾಸ್ ಪ್ರಾಂತಕ್ಕೆ ಹಬ್ಬಿತು. ನಿಷೇಧದಲ್ಲಿ ಯೋಗ್ಯ ಮಾರಾಟಗಾರನೆಂಬ ಪ್ರಶ್ನೆಯೇ ಇಲ್ಲ, ಮಾರುವವರೆಲ್ಲ ಅಪರಾಧಿಗಳೇ. ಮಲಬಾರಿನಲ್ಲಿ ನಿಷೇಧ ತೆಗೆದದ್ದು 1967ರಲ್ಲಿ. ಕೊಚ್ಚಿಯ ಅರಸರ ಕಾಲದ, ಕೊಲ್ಲಂ ವರ್ಷ 1077ರ ಅಬಕಾರಿ ಕಾಯ್ದೆ ಆಗ ನಮ್ಮ ಕಡೆಗೂ ವಿಸ್ತರಿಸಿತು. ಹಳೆಯ ಹರಾಜು ಮತ್ತೆ ಬಂತು.

1996ರ ಏಪ್ರಿಲ್ 1ರಂದು ಕೇರಳದಲ್ಲಿ ಸಾರಾಯಿ ನಿಂತಿತು. ಕಳ್ಳು ಷಾಪುಗಳು ಉಳಿದವು. 2002ರ ವಿಲೇವಾರಿ ನಿಯಮಗಳ ಪ್ರಕಾರ ಬಾಡಿಗೆಯನ್ನು ಮೊದಲೇ ನಿಗದಿ ಮಾಡಿ, ಅರ್ಹರು ಒಬ್ಬರಿಗಿಂತ ಹೆಚ್ಚಿದ್ದರೆ ಚೀಟಿ ಎತ್ತುವ ಪದ್ಧತಿ ಬಂತು. ಹರಾಜಿನಲ್ಲಿ ಹಣ ಗೆದ್ದರೆ ಇಲ್ಲಿ ಅದೃಷ್ಟ ಗೆಲ್ಲುತ್ತದೆ. ಬಾಟಲಿ ಮದ್ಯದ ಕಥೆ ಬೇರೆ. ಕಾಸರಗೋಡು ಜಿಲ್ಲೆ ಹುಟ್ಟಿದ 1984ರಲ್ಲೇ ಕೇರಳ ಸ್ಟೇಟ್ ಬಿವರೇಜಸ್ ಕಾರ್ಪೊರೇಷನ್ ಕೂಡ ಹುಟ್ಟಿತು. ಇಂದು ಬಾಟಲಿಯ ಚಿಲ್ಲರೆ ಮಾರಾಟ ಸರಕಾರಿ ಅಂಗಡಿಗಳಲ್ಲಿ. ಅಲ್ಲಿ ಕೌಂಟರಿನ ಹಿಂದೆ ನಿಲ್ಲುವವನು ಪಿಎಸ್‌ಸಿ ಪರೀಕ್ಷೆ ಬರೆದು ಬಂದವನು. ನದಿಗಳ ಉದ್ದ, ಅರಸರ ಇಸವಿಗಳು, ಗಣಿತದ ಸಮಸ್ಯೆಗಳು ಅವನನ್ನು ಅಲ್ಲಿಗೆ ತಲುಪಿಸಿವೆ. ಇನ್ನು ಬಾರುಗಳು. 2014ರಲ್ಲಿ ಸೌಕರ್ಯದ ಮಟ್ಟ ಸಾಲದೆಂದು 418 ಬಾರುಗಳ ಪರವಾನಗಿ ನವೀಕರಿಸಲಿಲ್ಲ. ಅದೇ ವರ್ಷ ಪಂಚತಾರಾ ಹೋಟೆಲುಗಳಿಗೆ ಮಾತ್ರ ಬಾರ್ ಎಂಬ ನೀತಿ ಬಂತು, 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು, 2017ರಲ್ಲಿ ಬೇರೆ ಸರಕಾರ ಬಂದು ಮೂರು ನಕ್ಷತ್ರದವರೆಗೆ ಇಳಿಸಿತು. ಇಷ್ಟೆಲ್ಲ ಚರ್ಚೆಯಲ್ಲಿ ಕಟ್ಟಡದ ನಕ್ಷತ್ರಗಳನ್ನು ಎಣಿಸಿದರೇ ಹೊರತು ಕಟ್ಟಡದೊಳಗೆ ಕುಳಿತವನ ಬಗ್ಗೆ ಮಾತಾಡಿದವರು ಕಡಿಮೆ.

ಹಣ, ಅದೃಷ್ಟ, ಅಂಕ, ನಕ್ಷತ್ರ. ನಡತೆ ಎಂಬುದು ಇವುಗಳ ಜೊತೆಗೆ ಅರ್ಜಿಯ ಕೊನೆಯಲ್ಲಿ ಒಂದು ಸಾಲಾಗಿ ಉಳಿಯಿತು: ಅಬಕಾರಿ ಅಪರಾಧದಲ್ಲಿ ಶಿಕ್ಷೆಯಾದವನಲ್ಲ ಎಂಬ ಘೋಷಣೆ.

ಆ ಒಂದು ಸಾಲು ಸಾಲದು ಎಂಬುದಕ್ಕೆ ಈ ರಾಜ್ಯ ಬಹಳ ದೊಡ್ಡ ಬೆಲೆ ತೆತ್ತಿದೆ. 1982ರ ಓಣಂ ಹಬ್ಬದ ದಿನ ವೈಪಿನ್ ದ್ವೀಪದಲ್ಲಿ ಸಾರಾಯಿ ಕುಡಿದ 77 ಮಂದಿ ಸತ್ತರು, ಅನೇಕರು ಕಣ್ಣು ಕಳೆದುಕೊಂಡರು. ಅದು ಕಾಡಿನ ಕಳ್ಳಭಟ್ಟಿಯಲ್ಲ, ಪರವಾನಗಿ ಇದ್ದ ಅಂಗಡಿಗಳಿಂದ ಬಂದದ್ದು. ಮಿಥೈಲ್ ಆಲ್ಕೊಹಾಲ್ ಬೆರೆಸಿದವರ ಮೇಲೆ ಅಂಗಡಿ ಹಿಡಿಯುವಾಗ ಯಾವ ದೂರೂ ಇರಲಿಲ್ಲವೆಂದೇ ಇಟ್ಟುಕೊಳ್ಳೋಣ. ಕಾಗದದಲ್ಲಿ ಅವರು ಯೋಗ್ಯರೇ. 2000ದ ಅಕ್ಟೋಬರಿನಲ್ಲಿ ಕೊಲ್ಲಂ ಜಿಲ್ಲೆಯ ಕಲ್ಲುವಾತುಕ್ಕಲ್‌ನಲ್ಲಿ ಮತ್ತೆ 31 ಮಂದಿ ಸತ್ತರು. ವೈಪಿನ್ ಆದ ಮೇಲೆ ಕಾಯ್ದೆಗೆ ಹೊಸ ಕಲಮು ಸೇರಿತ್ತು. ವಿಷ ಬೆರೆತು ಸಾವು ಸಂಭವಿಸಿದರೆ ತಾನು ಎಚ್ಚರಿಕೆ ವಹಿಸಿದ್ದೆನೆಂದು ಸಾಬೀತು ಮಾಡುವ ಹೊರೆ ಮಾರಿದವನ ಮೇಲೆಯೇ ಬೀಳುತ್ತದೆ ಎಂಬ ಕಲಮು. ಇದನ್ನು ಸುಪ್ರೀಂ ಕೋರ್ಟು ಒಪ್ಪಿತು. ಸಾಮಾನ್ಯ ನ್ಯಾಯದಲ್ಲಿ ಆರೋಪ ಹೊರಿಸಿದವನು ಸಾಬೀತು ಮಾಡಬೇಕು, ಇಲ್ಲಿ ಅದು ತಿರುಗುಮುರುಗು. ಕಾನೂನು ಹೇಳಿದ್ದರ ತಾತ್ಪರ್ಯ ಇಷ್ಟು: ನಿನ್ನ ಒಳಗನ್ನು ನಾನು ಮೊದಲೇ ನೋಡಲಾರೆ, ಆದ್ದರಿಂದ ಆಮೇಲೆ ಆದದ್ದಕ್ಕೆಲ್ಲ ನೀನೇ ಉತ್ತರ ಹೇಳು. ಇದು ಪ್ರಾಮಾಣಿಕವಾದ ಮಾತು. ಆದರೆ ಹೆಣ ಬಿದ್ದ ಮೇಲೆ ಹೇಳುವ ಮಾತು.

ಹಾಗಾದರೆ ಮೊದಲೇ ನೋಡುವುದು ಸಾಧ್ಯವೇ? ಯೋಗ್ಯತೆ ಎಂದು ಜನ ಸಾಮಾನ್ಯವಾಗಿ ಹೇಳುವ ಮೂರು ಸಂಗತಿಗಳನ್ನು ಒಂದೊಂದಾಗಿ ತೂಗಿ ನೋಡೋಣ.

ಮೊದಲನೆಯದು ಶುದ್ಧ ಕಡತ. ಪೋಲೀಸ್ ಠಾಣೆಯಲ್ಲಿ ಹೆಸರಿಲ್ಲ, ಕೋರ್ಟಿನಲ್ಲಿ ಶಿಕ್ಷೆಯಿಲ್ಲ. ಇದು ಬೇಕು, ಸಂಶಯವಿಲ್ಲ. ನಿನ್ನೆ ಸ್ಪಿರಿಟ್ ಸಾಗಿಸಿ ಸಿಕ್ಕಿಬಿದ್ದವನಿಗೆ ಇಂದು ಗಲ್ಲೆ ಒಪ್ಪಿಸುವುದು ಯಾರಿಗೂ ಬೇಡ. ಆದರೆ ಹೆಸರಿಲ್ಲದಿರುವುದಕ್ಕೆ ಎರಡು ಕಾರಣಗಳಿರಬಹುದು: ತಪ್ಪು ಮಾಡದಿರುವುದು, ಅಥವಾ ಸಿಕ್ಕಿಬೀಳದಿರುವುದು. ಅಲ್ಲದೆ ಇಪ್ಪತ್ತರ ಹರೆಯದಲ್ಲಿ ಜಗಳದಲ್ಲಿ ಕೈಮಾಡಿ ದಂಡ ಕಟ್ಟಿದವನು ನಲವತ್ತೈದನೆಯ ವಯಸ್ಸಿನಲ್ಲೂ ಅದೇ ಮನುಷ್ಯನೇ? ಇಂಗ್ಲೆಂಡಿನ 2003ರ ಲೈಸೆನ್ಸಿಂಗ್ ಕಾಯ್ದೆ ಇಲ್ಲಿ ವಿವೇಕದಿಂದ ನಡೆದುಕೊಂಡಿದೆ. ಯಾವ ಯಾವ ಅಪರಾಧಗಳು ಲೆಕ್ಕಕ್ಕೆ ಬರುತ್ತವೆ ಎಂದು ಪಟ್ಟಿ ಮಾಡಿ, ಕಾಲ ಕಳೆದು ಸವೆದುಹೋದ ಶಿಕ್ಷೆಗಳನ್ನು ಕೈಬಿಡುತ್ತದೆ. ಮನುಷ್ಯ ಬದಲಾಗಬಲ್ಲ ಎಂಬುದನ್ನು ಕಾನೂನು ಒಪ್ಪಿದಂತಾಯಿತು.

ಎರಡನೆಯದು ಮನೆತನ. ಒಳ್ಳೆಯ ಮನೆಯವನು ಎಂಬ ಮಾತು ನಮ್ಮಲ್ಲಿ ಇನ್ನೂ ಸತ್ತಿಲ್ಲ. ಆದರೆ ಹುಟ್ಟಿನಿಂದ ಸ್ವಭಾವವನ್ನು ಓದಬಲ್ಲೆನೆಂದ ಸರಕಾರ ಏನು ಮಾಡಿತೆಂಬುದನ್ನು ಮರೆಯಬಾರದು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಜಾತಿಗಳನ್ನೇ ಹುಟ್ಟುಗಳ್ಳರೆಂದು ಘೋಷಿಸಿತು. ಅದು ಪೂರ್ತಿ ರದ್ದಾದದ್ದು 1952ರಲ್ಲಿ. ನಮ್ಮ ಕರಾವಳಿಯಲ್ಲಿಯೂ ಇದರ ಒಂದು ಸೌಮ್ಯ ರೂಪ ಇತ್ತು. ಮರ ಹತ್ತಿ ಕಳ್ಳು ಇಳಿಸುವ ಮೂರ್ತೆಯ ಕೆಲಸ ಬಿಲ್ಲವರಿಗೆ, ತೀಯರಿಗೆ. ಕೀಳರಿಮೆಯೂ ಅವರಿಗೇ. ಹರಾಜಿನಲ್ಲಿ ಕೂಗಿ ಗುತ್ತಿಗೆ ಹಿಡಿದು ಹಣ ಎಣಿಸಿದವರಿಗೆ ಆ ಕಳಂಕ ತಟ್ಟಲಿಲ್ಲ. ಅವರಲ್ಲಿ ಎಲ್ಲ ಜಾತಿಯವರೂ ಇದ್ದರು, ಅವರು ಸಾಹುಕಾರರು. ಮರ ಹತ್ತಿದವನ ಕಾಲಿನ ಗಾಯದ ಗುರುತು ನೋಡಿ ನಡತೆ ನಿರ್ಧರಿಸಿದ ಸಮಾಜ ಗುತ್ತಿಗೆದಾರನ ಲೆಕ್ಕದ ಪುಸ್ತಕವನ್ನು ತೆರೆದು ನೋಡಲಿಲ್ಲ.

ಈ ವಿಷಯದಲ್ಲಿ ಕನ್ನಡದ ಹನ್ನೆರಡನೆಯ ಶತಮಾನ ನಮಗಿಂತ ಮುಂದಿತ್ತು ಎನಿಸುತ್ತದೆ. ಕಲ್ಯಾಣದ ಶರಣರ ನಡುವೆ ಹೆಂಡದ ಮಾರಯ್ಯನೆಂಬವನಿದ್ದ. ಹೆಸರೇ ಹೇಳುವಂತೆ ಅವನ ಕಾಯಕ ಹೆಂಡ ಮಾರುವುದು. ಅವನ ವಚನಗಳು ಬಸವಣ್ಣನವರ, ಅಲ್ಲಮನ ವಚನಗಳಿರುವ ಸಂಪುಟಗಳ ಸಾಲಿನಲ್ಲೇ ಉಳಿದು ಬಂದಿವೆ. ಅವನು ಏನು ಮಾರುತ್ತಾನೆ ಎಂಬುದಷ್ಟನ್ನೇ ಕೇಳಿ ಶರಣರು ಬಾಗಿಲು ಮುಚ್ಚಲಿಲ್ಲ. ಹೇಗೆ ಬದುಕುತ್ತಾನೆ ಎಂದೂ ನೋಡಿದರು. ಗಾದೆ ಮರೆತ ಮನುಷ್ಯನಿಗೆ ಅನುಭವ ಮಂಟಪದಲ್ಲಿ ಒಂದು ಜಾಗ ಸಿಕ್ಕಿತ್ತು.

ಮೂರನೆಯದು ಸ್ವತಃ ಕುಡಿಯದವನು ಎಂಬ ಯೋಗ್ಯತೆ. ಇದು ಆಕರ್ಷಕವಾದದ್ದು, ಆದರೆ ಸ್ವಲ್ಪ ಮೋಸವೂ ಇದೆ. ತಾನು ಒಂದು ಹನಿಯನ್ನೂ ಮುಟ್ಟದೆ ಊರಿಗೆಲ್ಲ ಕುಡಿಸಿ ಹಣ ಮಾಡುವವನ ಸಂಯಮ ಎಂಥದ್ದು? ಕುಡಿದು ಕೆಟ್ಟು, ಕಷ್ಟಪಟ್ಟು ಬಿಟ್ಟವನೊಬ್ಬನು ಗಲ್ಲೆಯಲ್ಲಿದ್ದರೆ ಎದುರು ನಿಂತವನ ಕೈ ನಡುಗುವುದರ ಅರ್ಥ ಅವನಿಗೆ ಬೇಗ ತಿಳಿದೀತು. ಅದೇ ಗಲ್ಲೆ ಅವನನ್ನು ಮತ್ತೆ ಬೀಳಿಸಲೂಬಹುದು. ಯಾವುದು ಆದೀತೆಂದು ಹೊರಗಿನಿಂದ ಹೇಳಬಲ್ಲವರು ಯಾರು?

ಈ ಮೂರೂ ಅಳತೆಗೋಲುಗಳು ಸ್ವಭಾವವನ್ನು ಅಳೆಯಲು ಹೊರಟವು. ಮೂರೂ ಅರ್ಧದಲ್ಲಿ ನಿಂತವು. ಹಾಗಾದರೆ ಮನುಷ್ಯನನ್ನು ನಂಬುವುದೇ ಕೆಲಸವಾಗಿರುವ ಬೇರೆ ಕಡೆ ಏನು ಮಾಡುತ್ತಾರೆ?

ನನ್ನ ಕಸುಬು ಬ್ಯಾಂಕಿನ ಗುಮಾಸ್ತಿಕೆ. ಸಾಲ ಕೊಡುವುದೆಂದರೆ ನಂಬುವುದು. 1912ರಲ್ಲಿ ಅಮೆರಿಕದ ದೊಡ್ಡ ಬ್ಯಾಂಕರ್ ಜೆ. ಪಿ. ಮಾರ್ಗನ್ ಅಲ್ಲಿಯ ಸಂಸತ್ತಿನ ಸಮಿತಿಯ ಮುಂದೆ, ಸಾಲಕ್ಕೆ ಆಧಾರ ಹಣವೂ ಅಲ್ಲ, ಆಸ್ತಿಯೂ ಅಲ್ಲ, ಮೊದಲು ಮನುಷ್ಯನ ಗುಣ ಎಂದು ಸಾಕ್ಷಿ ನುಡಿದ. ಬ್ಯಾಂಕಿನವರು ಈ ಮಾತನ್ನು ತರಬೇತಿಯಲ್ಲಿ ಇಂದಿಗೂ ಕೇಳುತ್ತೇವೆ. ಆದರೆ ಶಾಖೆಯ ದಿನನಿತ್ಯದ ಕೆಲಸದಲ್ಲಿ ನಾವು ನಿಜವಾಗಿ ಬರೆಯುವ ಮಾತು ಬೇರೆ. ಸಾಲ ನವೀಕರಿಸುವಾಗ ಫೈಲಿನಲ್ಲಿ 'ಖಾತೆಯ ನಡವಳಿ ತೃಪ್ತಿಕರ' ಎಂದು ಬರೆಯುತ್ತೇವೆ. ಮನುಷ್ಯ ಒಳ್ಳೆಯವನು ಎಂದು ಬರೆಯುವುದಿಲ್ಲ. ಕಂತು ಬಂದ ದಿನ, ಚೆಕ್ಕು ಮರಳಿದ ಸಂಖ್ಯೆ, ಅಡಿಕೆಯ ಧಾರಣೆ ಕುಸಿದ ವರ್ಷ ಅವನು ಬಂದು ಮುಖ ತೋರಿಸಿದನೋ ಅಡಗಿ ಕುಳಿತನೋ, ಇವಿಷ್ಟು ಲೆಕ್ಕ. ಮೊದಲ ಸಾಲವನ್ನು ಸಣ್ಣದಾಗಿ ಕೊಟ್ಟು ನೋಡುವುದೂ ಇದಕ್ಕೇ. ಮಾರ್ಗನ್ ಸ್ವಭಾವದ ಬಗ್ಗೆ ಮಾತಾಡಿದ, ಗುಮಾಸ್ತರು ನಡತೆಯನ್ನು ದಾಖಲಿಸಿದರು. ಗುಮಾಸ್ತರ ಪದ್ಧತಿಯಲ್ಲಿ ಹೆಚ್ಚು ವಿನಯವಿದೆ ಎಂದು ನನಗೆ ತೋರುತ್ತದೆ.

ಇದಕ್ಕೆ ಬಹಳ ಹಳೆಯ ಸಮರ್ಥನೆಯೊಂದಿದೆ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಲೋಕಕ್ಕೆ ತಿಳಿಸಿದವರು ಮೈಸೂರಿನ ಆರ್. ಶಾಮಶಾಸ್ತ್ರಿಗಳು, 1909ರಲ್ಲಿ ಅದು ಅಚ್ಚಾಯಿತು. ಅದರಲ್ಲಿ ಸುರಾಧ್ಯಕ್ಷನಿಗೆಂದೇ ಒಂದು ಅಧ್ಯಾಯವಿದೆ. ಅಂಗಡಿಗಳು ಒತ್ತೊತ್ತಾಗಿರಬಾರದು, ನಡತೆ ಶುದ್ಧವೆಂದು ಗೊತ್ತಿರುವವರು ಮಾತ್ರ ಸ್ವಲ್ಪ ಪ್ರಮಾಣವನ್ನು ಹೊರಗೆ ಒಯ್ಯಬಹುದು, ಅಮಲಿನಲ್ಲಿದ್ದ ಗಿರಾಕಿಯ ಒಡವೆ ವಸ್ತು ಕಳೆದುಹೋದರೆ ಅಂಗಡಿಯವನೇ ತುಂಬಿಕೊಡಬೇಕು, ದಂಡವನ್ನೂ ತೆರಬೇಕು. ಎರಡು ಸಾವಿರ ವರ್ಷಗಳ ಹಿಂದೆಯೇ ಅಂಗಡಿಯವನ ಹೊಣೆ ಬಾಟಲಿಯಲ್ಲಿಗೆ ಮುಗಿಯುವುದಿಲ್ಲ ಎಂದು ತಿಳಿದಿತ್ತು.

ಅದೇ ಗ್ರಂಥದಲ್ಲಿ ಅಮಾತ್ಯರ ಪರೀಕ್ಷೆಯ ಪ್ರಕರಣವಿದೆ. ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಆಮಿಷಗಳಿಂದ ಪರೀಕ್ಷಿಸಿ, ಯಾವುದಕ್ಕೆ ಯಾರು ಮಣಿಯಲಿಲ್ಲವೋ ಅವರನ್ನು ಅದಕ್ಕೆ ಸಂಬಂಧಿಸಿದ ಕೆಲಸಕ್ಕೆ ಹಾಕಬೇಕೆನ್ನುತ್ತಾನೆ. ಹಣಕ್ಕೆ ಮಣಿಯದವನು ಖಜಾನೆಗೆ, ಭಯಕ್ಕೆ ಮಣಿಯದವನು ಅರಸನ ಬಳಿಯ ಕೆಲಸಕ್ಕೆ. ಇದರಲ್ಲಿ ದೊಡ್ಡ ತಿಳಿವಳಿಕೆಯಿದೆ. ಒಳ್ಳೆಯವನು ಎಂಬ ಒಂದೇ ಮುದ್ರೆ ಎಲ್ಲ ಕೆಲಸಕ್ಕೂ ನಡೆಯುವುದಿಲ್ಲ, ಪ್ರತಿಯೊಂದು ಕೆಲಸಕ್ಕೂ ಅದರದೇ ಆಮಿಷವಿದೆ, ಆ ಆಮಿಷದೆದುರು ನಿಲ್ಲುವುದೇ ಆ ಕೆಲಸದ ಯೋಗ್ಯತೆ. ಕೌಟಿಲ್ಯ ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತಾನೆ: ಕೆಡದವನನ್ನು ಪರೀಕ್ಷೆಯ ನೆವದಲ್ಲಿ ಕೆಡಿಸಬೇಡಿ, ಅದು ನೀರಿಗೆ ವಿಷ ಹಾಕಿದಂತೆ.

ಹಾಗಾದರೆ ಮದ್ಯದಂಗಡಿಯ ಆಮಿಷ ಯಾವುದು? ಕುಡಿಯುವುದಲ್ಲ. ಕದಿಯುವುದು ಕೂಡ ಎಲ್ಲ ಅಂಗಡಿಗಳಿಗೂ ಸಾಮಾನ್ಯ. ಇಲ್ಲಿಯ ವಿಶೇಷ ಆಮಿಷ ಇನ್ನೊಂದು ಕೊಡುವುದು. ಬಟ್ಟೆಯಂಗಡಿಯವನು ಇನ್ನೊಂದು ಸೀರೆ ಮಾರಿದರೆ ಯಾರ ಮನೆಯೂ ಅಂದೇ ರಾತ್ರಿ ಹಾಳಾಗುವುದಿಲ್ಲ. ಇಲ್ಲಿ ಮೂರನೆಯ ಗ್ಲಾಸಿಗೂ ಐದನೆಯ ಗ್ಲಾಸಿಗೂ ನಡುವೆ ಒಂದು ಸಂಸಾರ ನಿಂತಿರುತ್ತದೆ. ಊಹಿಸಿಕೊಳ್ಳಿ: ಶನಿವಾರ ಸಂಜೆ ಬಟವಾಡೆ ಮುಗಿಸಿ ಬಂದ ಸಾರಣೆಯ ಕೆಲಸದವನು. ಕಣ್ಣು ಕೆಂಪಾಗಿದೆ, ಮಾತು ತೊದಲುತ್ತಿದೆ, ಐನೂರರ ನೋಟು ಮುಂದೆ ಚಾಚಿದ್ದಾನೆ. ಮ್ಯಾನೇಜರಿಗೆ ಅವನ ಹೆಂಡತಿಯ ಪರಿಚಯವಿದೆ, ಸೋಮವಾರ ಮಗುವಿನ ಫೀಸು ಕಟ್ಟಬೇಕೆಂಬುದೂ ಗೊತ್ತು. ಅಥವಾ ಮೀಸೆ ಚಿಗುರಿದ ಹುಡುಗನೊಬ್ಬ ಬಂದಿದ್ದಾನೆ, ಇಪ್ಪತ್ತಮೂರು ಆಗಿದೆಯೆನ್ನುತ್ತಾನೆ. ಕೇರಳದಲ್ಲಿ 2017ರಲ್ಲಿ ವಯಸ್ಸಿನ ಮಿತಿಯನ್ನು 21ರಿಂದ 23ಕ್ಕೆ ಏರಿಸಿದ ಮೇಲೆ ಮುಖ ನೋಡಿ ಹೇಳುವುದು ಇನ್ನೂ ಕಷ್ಟ. ಗುರುತಿನ ಚೀಟಿ ಕೇಳಿದರೆ ಜಗಳ, ಕೇಳದಿದ್ದರೆ ವ್ಯಾಪಾರ. ಆ ಗಳಿಗೆಯಲ್ಲಿ 'ಇಲ್ಲ, ಇವತ್ತಿಗೆ ಸಾಕು' ಎನ್ನಬಲ್ಲವನು ಯಾರು? ತನ್ನ ಅನ್ನ 'ಹೌದು' ಎನ್ನುವುದರಲ್ಲಿರುವಾಗ 'ಇಲ್ಲ' ಎನ್ನುವ ಶಕ್ತಿಯೇ ಈ ಉದ್ಯೋಗದ ನಡತೆ. ಬೇರೆಲ್ಲ ಗುಣಗಳೂ ಇದರ ನಂತರ.

ಇದನ್ನು ಅರ್ಜಿಯಿಂದ ತಿಳಿಯಲಾಗದು. ಮಾಡಿ ತೋರಿಸಿದ ಮೇಲೆ ಮಾತ್ರ ಕಾಣುವಂಥದ್ದು. ನ್ಯೂಜಿಲೆಂಡಿನ 2012ರ ಮದ್ಯ ಕಾಯ್ದೆಯಲ್ಲಿ ಅಂಗಡಿಯ ಪರವಾನಗಿಯಿಂದ ಪ್ರತ್ಯೇಕವಾಗಿ, ಅಲ್ಲಿ ಕುಳಿತು ನೋಡಿಕೊಳ್ಳುವ ಮ್ಯಾನೇಜರಿಗೇ ಒಂದು ಪ್ರಮಾಣಪತ್ರವಿದೆ. ಕೊಡುವ ಮೊದಲು ಯೋಗ್ಯತೆ, ಹಿಂದಿನ ಶಿಕ್ಷೆಗಳು, ಅನುಭವ, ತರಬೇತಿ ಇವನ್ನು ನೋಡುತ್ತಾರೆ. ಪೋಲೀಸರೂ ಇನ್ಸ್‌ಪೆಕ್ಟರೂ ವರದಿ ಕೊಡುತ್ತಾರೆ. ಶಿಕ್ಷೆಯೆಂಬುದು ತೂಗುವ ಹಲವು ಸಂಗತಿಗಳಲ್ಲಿ ಒಂದು. ಮುಖ್ಯವಾದದ್ದು ಇನ್ನೊಂದು: ಮೊದಲ ಪ್ರಮಾಣಪತ್ರದ ಅವಧಿ ಒಂದೇ ವರ್ಷ. ಆ ವರ್ಷ ಹೇಗೆ ನಡೆದುಕೊಂಡ ಎಂಬುದನ್ನು ನೋಡಿ ಆಮೇಲೆ ಮೂರು ವರ್ಷಕ್ಕೆ ನವೀಕರಣ. ನಮ್ಮ ಬ್ಯಾಂಕಿನ ಸಣ್ಣ ಮೊದಲ ಸಾಲದ ನ್ಯಾಯವೇ ಇದು. ಅಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಗಲ್ಲೆಯಲ್ಲಿ ಕೂರುವವನನ್ನು ಕಾನೂನು ಹೆಸರು ಹಿಡಿದು ಕರೆಯುತ್ತದೆ, ಅವನಿಗೆ ಕಳೆದುಕೊಳ್ಳಲು ತನ್ನದೇ ಆದ ಒಂದು ಕಾಗದ ಕೊಡುತ್ತದೆ. ಧಣಿ 'ಕೊಡು' ಎಂದಾಗ 'ನನ್ನ ಪತ್ರ ಹೋಗುತ್ತದೆ, ಕೊಡಲಾರೆ' ಎನ್ನಲು ಅವನಿಗೊಂದು ಆಸರೆ ಇದೆ.

ನಮ್ಮಲ್ಲಿ ಆ ಆಸರೆ ದುರ್ಬಲ. ಪರವಾನಗಿ ಒಬ್ಬನ ಹೆಸರಿನಲ್ಲಿ, ಹಣ ಇನ್ನೊಬ್ಬನದು, ಗಲ್ಲೆಯಲ್ಲಿ ಮೂರನೆಯವನು, ಇದು ಈ ವ್ಯಾಪಾರದಲ್ಲಿ ಅಪರೂಪವಲ್ಲ. ತಲಪಾಡಿಯ ಆಚೆ ಕರ್ನಾಟಕದಲ್ಲಿ ಸಿಎಲ್-2, ಸಿಎಲ್-9 ಪರವಾನಗಿಗಳನ್ನು ಹೊಸದಾಗಿ ಕೊಡುವುದು 1990ರ ದಶಕದ ಆರಂಭದಿಂದ ಬಹುಮಟ್ಟಿಗೆ ನಿಂತದ್ದರಿಂದ, ಇದ್ದ ಪರವಾನಗಿಗಳೇ ಆಸ್ತಿಯಂತಾಗಿ ದೊಡ್ಡ ಬೆಲೆಗೆ ಕೈಬದಲಾದವು. ಖೋಡೆ ಡಿಸ್ಟಿಲರೀಸ್ ಕರ್ನಾಟಕ ಸರಕಾರದ ವಿರುದ್ಧ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1994ರಲ್ಲಿ, ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಹಕ್ಕಲ್ಲವೆಂದ ಮೇಲೆ ಅದು ಸಮಾಜ ಒಬ್ಬನಲ್ಲಿ ಇಟ್ಟ ನಂಬಿಕೆ. ನಂಬಿಕೆಯನ್ನು ಮಾರಾಟ ಮಾಡಲು ಬರುತ್ತದೆಯೇ? ಕೊಂಡವನು ಹಾಕಿದ ಬಂಡವಾಳ ತೆಗೆಯಬೇಕು. ಅವನ ಮ್ಯಾನೇಜರಿಗೆ 'ಇಲ್ಲ' ಎನ್ನುವ ಸ್ವಾತಂತ್ರ್ಯ ಅಷ್ಟರಮಟ್ಟಿಗೆ ಕಡಿಮೆ. ದಿನದ ಕಲೆಕ್ಷನ್ ನೋಡಿ ಸಂಬಳ ಕೊಡುವ ಕಡೆ ಒಳ್ಳೆಯ ನಡತೆ ಕೇಳುವುದು ಕೈಕಟ್ಟಿ ಈಜು ಎಂದಂತೆ. ಹಬ್ಬದ ದಿನಗಳ ಮಾರಾಟದ ಮೊತ್ತವನ್ನು ಪತ್ರಿಕೆಗಳು ದಾಖಲೆಯೆಂದು ಬರೆಯುವ, ಖಜಾನೆ ಅದನ್ನು ನೆಚ್ಚಿಕೊಂಡಿರುವ ನಾಡಿನಲ್ಲಿ ಸರಕಾರವೂ ಈ ಧಣಿಗಳಲ್ಲಿ ಒಬ್ಬ. ಕೆಡದವನನ್ನು ಕೆಡಿಸಬೇಡಿ ಎಂಬ ಕೌಟಿಲ್ಯನ ಮಾತು ಇಲ್ಲಿ ನಮ್ಮೆಲ್ಲರಿಗೂ ತಟ್ಟುತ್ತದೆ.

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರ ಹೇಳದೆ ಮುಂದೆ ಹೋಗುವಂತಿಲ್ಲ.

ಕೆಡುಕಿನ ವ್ಯಾಪಾರಕ್ಕೆ ಒಳ್ಳೆಯ ಮ್ಯಾನೇಜರನ್ನು ಹುಡುಕುವುದೇ ಹಾಸ್ಯಾಸ್ಪದ, ಅಂಗಡಿಯನ್ನೇ ಮುಚ್ಚಬೇಕು ಎಂಬುದು ಮೊದಲನೆಯದು. ಇದು ಹಗುರವಾದ ಮಾತಲ್ಲ. ಬುದ್ಧ ಉಪಾಸಕರಿಗೆ ನಿಷೇಧಿಸಿದ ಐದು ವ್ಯಾಪಾರಗಳಲ್ಲಿ ಮದ್ಯವೂ ಒಂದು. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳು ಮದ್ಯವನ್ನು ಮಾಡಬೇಡಿ, ಕೊಡಬೇಡಿ, ಕುಡಿಯಬೇಡಿ ಎಂದು ಉಪದೇಶಿಸಿದರು. ಅದನ್ನು ಕೇಳಿದವರಲ್ಲಿ ಅದೇ ಕುಲಕಸುಬಿನಿಂದ ಬದುಕುತ್ತಿದ್ದವರೂ ಇದ್ದರು, ಆದ್ದರಿಂದ ಆ ಮಾತಿನ ತೂಕ ಹೆಚ್ಚು. ಸ್ವತಃ ಕಸುಬು ಬಿಟ್ಟವನ ನಿರ್ಧಾರಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅಂಗಡಿ ತೆರೆದಿರುವಷ್ಟು ದಿನ ಗಲ್ಲೆಯಲ್ಲಿ ಯಾರೋ ಒಬ್ಬ ಇದ್ದೇ ಇರುತ್ತಾನೆ. ಅವನು ಹೇಗಿದ್ದರೂ ಒಂದೇ ಎನ್ನುವುದು ಆ ರಾತ್ರಿ ಮನೆಯಲ್ಲಿ ಕಾಯುತ್ತಿರುವ ಹೆಂಗಸಿಗೆ ಮಾಡುವ ಅನ್ಯಾಯ. ಮುಚ್ಚಬೇಕೆನ್ನುವವರಿಗೂ ತೆರೆದಿರಲಿ ಎನ್ನುವವರಿಗೂ ಅವಳು ಉತ್ತರ ಕೇಳುತ್ತಾಳೆ.

ಎರಡನೆಯ ಆಕ್ಷೇಪ ಗಡಿನಾಡಿನವರಿಗೆ ಚೆನ್ನಾಗಿ ಗೊತ್ತು. ಇಲ್ಲಿ 'ಇಲ್ಲ' ಎಂದರೆ ಅಲ್ಲಿ ಸಿಗುತ್ತದೆ. ಕೇರಳದಲ್ಲಿ 1996ರಲ್ಲಿ ಸಾರಾಯಿ ನಿಂತರೂ ಕರ್ನಾಟಕದಲ್ಲಿ ನಿಂತದ್ದು 2007ರ ಜುಲೈ 1ರಂದು. ನಡುವಿನ ಹನ್ನೊಂದು ವರ್ಷ ಮಂಜೇಶ್ವರದ ಈಚೆಗೆ ಸಾರಾಯಿ ಪ್ಯಾಕೆಟು ಹೇಗೆ ಬರುತ್ತಿತ್ತು ಎಂಬುದನ್ನು ಈ ಭಾಗದ ಹಿರಿಯರಿಗೆ ಹೇಳಿಕೊಡಬೇಕಾಗಿಲ್ಲ. ಹಾಗಾದರೆ ಒಬ್ಬ ಮ್ಯಾನೇಜರ್ 'ಇಲ್ಲ' ಎಂದು ಏನು ಪ್ರಯೋಜನ? ಪ್ರಯೋಜನವಿದೆ. ತೊದಲುವವನು ತಲಪಾಡಿಯವರೆಗೆ ಹೋಗಬೇಕಾದರೆ ಬಸ್ಸು ಕಾಯಬೇಕು. ಆ ಅರ್ಧ ಗಂಟೆಯಲ್ಲಿ ಅಮಲು ಇಳಿಯಬಹುದು, ಮನೆಯ ನೆನಪಾಗಬಹುದು, ಆಗದೆಯೂ ಇರಬಹುದು. ಮತ್ತೊಬ್ಬನು ಕೊಡುತ್ತಾನೆಂಬುದು ನಾನು ಕೊಡಲು ಕಾರಣವಾದರೆ, ಜಗತ್ತಿನಲ್ಲಿ ಯಾವ ತಪ್ಪಿಗೂ ಒಬ್ಬ ಹೊಣೆಗಾರ ಸಿಗಲಾರ. ಲಂಚ ತೆಗೆದುಕೊಳ್ಳುವವನೂ ಇದೇ ಮಾತು ಹೇಳುತ್ತಾನೆ.

ಹಾಗೆಂದು ಮ್ಯಾನೇಜರನ್ನು ಊರಿನ ಪೋಷಕನನ್ನಾಗಿ ಮಾಡಬೇಕೆಂದು ನನ್ನ ಅಭಿಪ್ರಾಯವಲ್ಲ. ಪ್ರಾಯಕ್ಕೆ ಬಂದವನು ತನ್ನ ದುಡಿಮೆಯ ಹಣದಲ್ಲಿ ಕುಡಿಯುವುದನ್ನು ತಡೆಯಲು ಅಂಗಡಿಯವನಿಗೆ ಹಕ್ಕಿಲ್ಲ, ಉಪದೇಶ ಮಾಡುವ ಹಕ್ಕು ಮೊದಲೇ ಇಲ್ಲ. ಆದರೆ ಕಾನೂನು ಬೇಡವೆಂದ ಕಡೆ ಬೇಡವೆನ್ನುವುದು, ಪ್ರಜ್ಞೆ ತಪ್ಪುತ್ತಿರುವವನಿಗೆ ಇನ್ನೊಂದು ಸುರಿಯದಿರುವುದು, ಬಂದ ಸರಕಿನಲ್ಲಿ ಸಂಶಯ ಕಂಡರೆ ಧಣಿಯ ಮುಖ ನೋಡದೆ ಚೆಲ್ಲುವುದು, ಇಷ್ಟನ್ನು ಕೇಳಬಹುದು. ವೈಪಿನ್‌ನಲ್ಲಿ ಇಷ್ಟು ಮಾಡುವವನೊಬ್ಬ ಗಲ್ಲೆಯಲ್ಲಿದ್ದಿದ್ದರೆ?

ಹೀಗಿರುವಾಗ ಅರ್ಜಿ ಪರಿಶೀಲಿಸುವ ಅಧಿಕಾರಿ ಏನು ಕೇಳಬೇಕು? ನನಗೆ ತೋಚುವ ಪ್ರಶ್ನೆಗಳು ಮೂರೇ. ಹಿಂದೆ ಯಾವಾಗಲಾದರೂ ನಷ್ಟವಾಗುವುದೆಂದು ಗೊತ್ತಿದ್ದೂ ಬೇಡವೆಂದದ್ದುಂಟೇ, ಅದಕ್ಕೆ ಸಾಕ್ಷಿ ಯಾರು? ಇವನು ಬೇಡವೆಂದರೆ ಇವನ ಕೆಲಸ ಉಳಿಯುವಂತೆ ಧಣಿ ಏನು ಏರ್ಪಾಡು ಮಾಡಿದ್ದಾನೆ? ಒಂದು ವರ್ಷದ ನಂತರ ಅಂಗಡಿಯ ಸುತ್ತಲಿನ ಹತ್ತು ಮನೆಗಳವರು, ಅದರಲ್ಲೂ ಹೆಂಗಸರು, ಇವನ ಬಗ್ಗೆ ಏನು ಹೇಳುತ್ತಾರೆ? ಮೊದಲ ಪ್ರಶ್ನೆ ಮನುಷ್ಯನಿಗೆ, ಎರಡನೆಯದು ಧಣಿಗೆ, ಮೂರನೆಯದು ಊರಿಗೆ. ಅವನ ಕುಲ ಯಾವುದು, ಅವನು ಕುಡಿಯುತ್ತಾನೆಯೇ, ದೇವಸ್ಥಾನಕ್ಕೋ ಪಳ್ಳಿಗೋ ಹೋಗುತ್ತಾನೆಯೇ ಎಂಬುದು ಈ ಪಟ್ಟಿಯಲ್ಲಿಲ್ಲ. ಸ್ವಭಾವ ಅವನಿಗೂ ಅವನ ದೇವರಿಗೂ ಬಿಟ್ಟದ್ದು.

ಕೊನೆಯದಾಗಿ, ಸಾಕ್ಷಿ ಹೇಳುವ ನಮ್ಮ ಬಗ್ಗೆಯೂ ಒಂದು ಮಾತು. ನಡತೆಯ ಪತ್ರಕ್ಕೆ ಸಹಿ ಹಾಕುವ ಗೆಜೆಟೆಡ್ ಅಧಿಕಾರಿ, ಮೇಷ್ಟ್ರು, ಪಂಚಾಯತು ಸದಸ್ಯ 'ಇವರನ್ನು ನಾನು ಇಷ್ಟು ವರ್ಷಗಳಿಂದ ಬಲ್ಲೆ' ಎಂಬ ಅಚ್ಚಾದ ವಾಕ್ಯದ ಕೆಳಗೆ ಹೆಸರು ಗೀಚುತ್ತಾರೆ. ಎಷ್ಟೋ ಸಲ ಎದುರು ನಿಂತವನ ಹೆಸರನ್ನು ಕಾಗದ ನೋಡಿಯೇ ತಿಳಿಯಬೇಕು. ಇದು ಸೌಜನ್ಯವೆಂದು ನಾವು ತಿಳಿದಿದ್ದೇವೆ. ಯಾರನ್ನೂ ನೋಯಿಸದ ಸಣ್ಣ ಸುಳ್ಳೆಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಆದರೆ ಗಲ್ಲೆಯಲ್ಲಿ ಕುಳಿತವನಿಂದ ನಾವು ಬಯಸುವುದು ಏನು? ಎದುರು ನಿಂತವನ ಮುಖ ಮುರಿಯದಿರಲೆಂದು ಕೊಡಬಾರದ್ದನ್ನು ಕೊಡಬೇಡ ಎಂದಲ್ಲವೆ? ಕೇಳಿದವರಿಗೆಲ್ಲ ಪತ್ರ ಕೊಡುವ ನಾವು ಕೇಳಿದವರಿಗೆಲ್ಲ ಗ್ಲಾಸು ತುಂಬುವವನ ನಡತೆಯನ್ನು ಅಳೆಯಲು ಹೊರಟಿದ್ದೇವೆ. 'ನನಗೆ ಇವರ ಪರಿಚಯವಿಲ್ಲ, ಸಹಿ ಹಾಕಲಾರೆ' ಎಂದು ಒಮ್ಮೆ ಹೇಳಿ ನೋಡಿದರೆ ಆ 'ಇಲ್ಲ' ಎಷ್ಟು ಭಾರವೆಂದು ತಿಳಿದೀತು.